ವಾಚ್ಯಾರ್ಥದ ಮೇರೆಗಳು: ಯೆಹೂದಿ ಸೃಷ್ಟಿಕಥನದ ವ್ಯಾಖ್ಯಾನ ಪರಂಪರೆ

ಸೃಷ್ಟಿಪುರಾಣಗಳ ಅಧ್ಯಯನದಲ್ಲಿ ಒಂದು ಗ್ರಹಿಕೆ ಬಹುಕಾಲದಿಂದ ಬೇರೂರಿದೆ. ಜನಸಾಮಾನ್ಯರು ಕಥೆಯನ್ನು ಅಕ್ಷರಶಃ ನಂಬುತ್ತಾರೆ, ಪಂಡಿತರು ಅದರಲ್ಲಿ ಗೂಢಾರ್ಥವನ್ನು ಕಾಣುತ್ತಾರೆ. ಮೊದಲನೆಯದು ಪ್ರಾಚೀನ, ಎರಡನೆಯದು ವಿಜ್ಞಾನಯುಗದ ಒತ್ತಡದಿಂದ ಹುಟ್ಟಿದ್ದು ಎಂಬುದೇ ಆ ಗ್ರಹಿಕೆ. ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಆರಂಭದಲ್ಲಿರುವ ಆರು ದಿನಗಳ ಸೃಷ್ಟಿಕಥನದ ವ್ಯಾಖ್ಯಾನ ಚರಿತ್ರೆಯು ಇದನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

ಈ ಪಠ್ಯವು ತನ್ನೊಳಗೇ ತೊಡಕುಗಳನ್ನು ಹೊಂದಿದೆ. ಬೆಳಕು ಮೊದಲ ದಿನ ಹುಟ್ಟಿದರೆ ಸೂರ್ಯ ನಾಲ್ಕನೆಯ ದಿನ ಕಾಣಿಸಿಕೊಳ್ಳುತ್ತಾನೆ. ಮೊದಲ ಅಧ್ಯಾಯದಲ್ಲಿ ಪ್ರಾಣಿಗಳ ನಂತರ ಮನುಷ್ಯ ಬಂದರೆ, ಎರಡನೆಯದರಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಜಾನಪದ ವಿದ್ವಾಂಸ ಅಲನ್ ಡಂಡೆಸ್ 1999ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಬೈಬಲಿನ ಇಂತಹ ದ್ವಿರುಕ್ತಿಗಳನ್ನು ಮೌಖಿಕ ಪರಂಪರೆಯ ಪಾಠಾಂತರಗಳೆಂದು ಗುರುತಿಸಿದರು. ಪಠ್ಯದ ಹುಟ್ಟನ್ನು ವಿವರಿಸಲು ಇದು ಸಮರ್ಥವಾದ ಮಾರ್ಗ. ಆದರೆ ಪಠ್ಯವನ್ನು ಅಖಂಡವೆಂದು ನಂಬಿದ ಸಮುದಾಯವು ಆ ತೊಡಕುಗಳೊಡನೆ ಹೇಗೆ ಬಾಳಿತು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ.

ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ, ಸೃಷ್ಟಿಪ್ರಕರಣವನ್ನು ಇಬ್ಬರ ಮುಂದೆ ವಿವರಿಸಕೂಡದೆಂದು ವಿಧಿಸಿತು. ಅಂದರೆ ಕಥೆಗೆ ಆಳವಾದ ಅರ್ಥವಿದೆಯೆಂಬುದು ಅಂದಿಗೇ ಅಂಗೀಕೃತವಾಗಿತ್ತು. ಅದರ ಪ್ರಸಾರಕ್ಕೆ ಮಾತ್ರ ನಿರ್ಬಂಧವಿತ್ತು. ಇನ್ನೂ ಗಮನಾರ್ಹವಾದುದು ರಾಶಿಯ (1040-1105) ನಿಲುವು. ಮಕ್ಕಳ ಪಾಠದಲ್ಲಿಯೂ ಬಳಕೆಯಾಗುವ ಅವನ ವ್ಯಾಖ್ಯಾನವು, ಮೊದಲ ವಾಕ್ಯ ಸೃಷ್ಟಿಯ ಅನುಕ್ರಮವನ್ನು ಹೇಳಲು ಬಂದುದಲ್ಲ ಎನ್ನುತ್ತದೆ. ನೀರಿನ ಸೃಷ್ಟಿಯನ್ನು ಹೇಳದೆಯೇ ಎರಡನೆಯ ವಾಕ್ಯ ನೀರನ್ನು ಪ್ರಸ್ತಾಪಿಸುತ್ತದೆ ಎಂಬುದು ಅವನ ಆಧಾರ. ಇದು ಗೂಢಾರ್ಥದ ಹುಡುಕಾಟವಲ್ಲ. ಪದಗಳನ್ನು ನಿಷ್ಠೆಯಿಂದ ಓದಿದ್ದರ ಫಲ. ಆದ್ದರಿಂದ 'ಪೆಶಾಟ್' ಎಂಬ ಹೀಬ್ರೂ ಪರಿಕಲ್ಪನೆಯನ್ನು ಅಕ್ಷರಶಃ ಅರ್ಥಕ್ಕೆ ಸಮೀಕರಿಸುವುದು ಸರಿಯಾಗದು. ಸಂದರ್ಭಕ್ಕೆ ಒಪ್ಪುವ ಅರ್ಥವೇ ಪೆಶಾಟ್.

ಅಕ್ಷರಾರ್ಥವನ್ನು ಬಿಡುವುದು ಯಾವಾಗ? ಸಾದಿಯಾ ಗಾವೋನ್ (882-942) ನಾಲ್ಕು ಸಂದರ್ಭಗಳನ್ನು ಹೇಳಿದ: ಇಂದ್ರಿಯಾನುಭವ, ತರ್ಕ, ಮತ್ತೊಂದು ಶ್ರುತಿವಾಕ್ಯ, ಪರಂಪರೆ ಇವುಗಳಲ್ಲಿ ಒಂದಕ್ಕೆ ವಿರೋಧ ಬಂದಾಗ. ಭಾರತೀಯ ಅಲಂಕಾರಶಾಸ್ತ್ರದ 'ಮುಖ್ಯಾರ್ಥಬಾಧೆ'ಯನ್ನು ಬಲ್ಲವರಿಗೆ ಈ ತರ್ಕ ಅಪರಿಚಿತವಲ್ಲ. ಮೈಮಾನಿಡೀಸ್ (1138-1204) ಇದನ್ನು ಕಟ್ಟುನಿಟ್ಟಾಗಿ ಅನ್ವಯಿಸಿದ. ದೇವರಿಗೆ ಕೈಕಾಲುಗಳಿವೆಯೆನ್ನುವ ವಾಕ್ಯಗಳನ್ನು ರೂಪಕವೆಂದು ಓದಿದ ಅವನು, ವಿಶ್ವ ಅನಾದಿಯೆಂದು ನಿಜವಾಗಿ ಸಿದ್ಧವಾಗಿದ್ದರೆ ಸೃಷ್ಟಿವಾಕ್ಯಗಳನ್ನೂ ಹಾಗೆಯೇ ಓದಬಹುದಿತ್ತೆಂದ. ಅರಿಸ್ಟಾಟಲನ ವಾದ ಸಿದ್ಧವಾಗಿಲ್ಲ. ಒಪ್ಪಿದರೆ ಪವಾಡಕ್ಕೂ ಧರ್ಮವಿಧಿಗೂ ನೆಲೆಯಿರದು ಎಂಬುದು ಅವನ ತೀರ್ಮಾನ.

ಇಲ್ಲಿಯೇ ವಿವಾದದ ನಿಜವಾದ ಮರ್ಮವಿದೆ. ಏಳನೆಯ ದಿನದ ವಿಶ್ರಾಂತಿಯಾದ ಸಬ್ಬತ್ ನಿಂತಿರುವುದು ಆರು ದಿನಗಳ ಸೃಷ್ಟಿಯ ಮೇಲೆ. ಪಂಚಾಂಗವೂ ಸೃಷ್ಟಿಯಿಂದಲೇ ವರ್ಷವನ್ನೆಣಿಸುತ್ತದೆ. 2024ರ ಅಕ್ಟೋಬರಿನಲ್ಲಿ 5785ನೆಯ ವರ್ಷ ಆರಂಭವಾಯಿತು. ಕಥೆ ಕೇವಲ ರೂಪಕವಾದರೆ ಆಚರಣೆಯೂ ರೂಪಕವಾಗಿ ಕರಗೀತೆಂಬ ಭಯ ನಿರಾಧಾರವಲ್ಲ. ಅಬ್ರಹಾಂ ಮತ್ತು ಸಾರಾರನ್ನು ರೂಪ ಮತ್ತು ದ್ರವ್ಯಗಳೆಂದು ಬೋಧಿಸುತ್ತಾರೆಂಬ ಆರೋಪದ ಹಿನ್ನೆಲೆಯಲ್ಲಿ 1305ರಲ್ಲಿ ಬಾರ್ಸಿಲೋನಾದ ರಬ್ಬಿಗಳು ಇಪ್ಪತ್ತೈದು ವರ್ಷದೊಳಗಿನವರಿಗೆ ಗ್ರೀಕ್ ತತ್ತ್ವಶಾಸ್ತ್ರವನ್ನು ನಿಷೇಧಿಸಿದರು. ಏಳು ಶತಮಾನಗಳ ನಂತರ, 2004-05ರಲ್ಲಿ, ವಿಶ್ವದ ಪ್ರಾಚೀನತೆಯನ್ನು ಒಪ್ಪಿದ ರಬ್ಬಿ ನಾಟನ್ ಸ್ಲಿಫ್ಕಿನ್ ಅವರ ಪುಸ್ತಕಗಳಿಗೆ ಹರೇದಿ ಪಂಥದ ಹಿರಿಯ ರಬ್ಬಿಗಳು ಬಹಿಷ್ಕಾರ ಹಾಕಿದರು. ಸ್ಲಿಫ್ಕಿನ್ ಆಧಾರವಾಗಿ ತೋರಿದವರಲ್ಲಿ ಮೈಮಾನಿಡೀಸನೂ ಇದ್ದ. 2005ರಲ್ಲಿಯೇ ರಬ್ಬಿನಿಕಲ್ ಕೌನ್ಸಿಲ್ ಆಫ್ ಅಮೆರಿಕ, ಸರಿಯಾಗಿ ಗ್ರಹಿಸಿದ ವಿಕಾಸವಾದ ದೈವನಂಬಿಕೆಗೆ ವಿರುದ್ಧವಲ್ಲವೆಂದು ಹೇಳಿಕೆ ನೀಡಿತು.

ಹೀಗೆ ಅಕ್ಷರಾರ್ಥ-ಗೂಢಾರ್ಥಗಳ ಸಂಘರ್ಷವನ್ನು ಮುಗ್ಧರು ಮತ್ತು ಪಂಡಿತರ ನಡುವಿನದೆಂದು ಓದುವುದು ಅಸಮರ್ಪಕ. ಎರಡೂ ಪಕ್ಷಗಳಲ್ಲಿ ಪಂಡಿತರಿದ್ದರು. ಎರಡೂ ಪಕ್ಷಗಳು ಪ್ರಾಚೀನ ಆಧಾರಗಳನ್ನೇ ಎತ್ತಿಹಿಡಿದವು. ಪ್ರಶ್ನೆಯಿದ್ದುದು ಕಥೆ ನಿಜವೇ ಎಂಬುದಕ್ಕಿಂತ, ಅರ್ಥದ ಬಾಗಿಲನ್ನು ಎಷ್ಟು ತೆರೆದರೆ ಆಚರಣೆ ಉಳಿಯುತ್ತದೆ, ಅದನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬುದರಲ್ಲಿ. ಪುರಾಣವನ್ನು ಆಚರಣೆಯಿಂದ ಬೇರ್ಪಡಿಸಿ ಕೇವಲ ಪಠ್ಯವಾಗಿ ಓದುವ ಅಧ್ಯಯನಕ್ರಮಕ್ಕೆ ಈ ಚರಿತ್ರೆ ಒಡ್ಡುವ ಸವಾಲು ಇದೇ ಆಗಿದೆ.