ಅಂಚು ಕಾಯುವ ಮೂರು ದಾರ

ಶಿರಸಿ, ಯಲ್ಲಾಪುರದ ಕಡೆ ಹೊಲಿಗೆ ಬಲ್ಲ ಹೆಂಗಸರು ಹೊಸ ರವಿಕೆ ಕೈಗೆ ಬಂದರೆ ಮೊದಲು ಒಳಮಗ್ಗುಲು ತಿರುಗಿಸುತ್ತಾರೆ. ‘ಓವರ್‌ಲಾಕ್ ಹಾಕಿದ್ರಾ?’

ಅಂಚು ಕತ್ತರಿಸಿ, ಸುತ್ತಿ, ಹೊಲಿದು ಒಂದೇ ಓಟದಲ್ಲಿ ಮುಗಿಸುವ ಈ ಓವರ್‌ಲಾಕ್ ಯಂತ್ರದ ಹುಟ್ಟು 1881ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನ ಮೆರೋ ಕಂಪನಿಯಲ್ಲಿ. ಇದಕ್ಕೆ ಬಾಬಿನ್ ಇಲ್ಲ. ಮೂರು ದಾರದ ಯಂತ್ರದಲ್ಲಿ ಒಂದು ಸೂಜಿ, ದಾರ ಒಯ್ಯುವ ಎರಡು ಲೂಪರ್. ಕೆಳಗಿನ ಲೂಪರ್ ಬಟ್ಟೆಯಡಿ ದಾರ ಹಿಡಿದು ಬಂದರೆ, ಮೇಲಿನದು ಅಂಚು ಬಳಸಿ ಮೇಲೇರುತ್ತದೆ. ಸೂಜಿ ಇಳಿದು ಎರಡನ್ನೂ ಕಟ್ಟುತ್ತದೆ. ಸಣ್ಣ ಲೋಹದ ನಾಲಿಗೆಯೊಂದರ ಮೇಲೆ ಹೆಣೆದುಕೊಂಡ ಹೊಲಿಗೆ ಜಾರಿ ಹಿಂದೆ ಸರಿಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು.

ದಾರ ಪೋಣಿಸುವುದೇ ಹಲವರಿಗೆ ಭಯ. ಪಳಗಿದ ಕೈ ಹಳೆ ದಾರಕ್ಕೆ ಹೊಸ ದಾರ ಗಂಟು ಹಾಕಿ ಮೆಲ್ಲನೆ ಎಳೆದುಕೊಳ್ಳುತ್ತದೆ. ಗಂಟು ಸೂಜಿಯ ಹತ್ತಿರ ಬಂದಾಗ ಮಾತ್ರ ಕತ್ತರಿಸಿ, ಕಣ್ಣಿಗೆ ಕೈಯಿಂದಲೇ ಪೋಣಿಸುತ್ತದೆ.

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಮುನ್ನ ಹೊಲಿಗೆಯ ಗಡಿಬಿಡಿ. ಆಗ ಅಂಚು ಕತ್ತರಿಸುವ ಚಾಕುವಿನ ಸುತ್ತ ನೂಲಿನ ಧೂಳು ಹತ್ತಿಯಂತೆ ಉಂಡೆಗಟ್ಟುತ್ತದೆ.

ಯಲ್ಲಾಪುರದ ಕಡೆಯ ಅರಬೈಲ್ ಘಟ್ಟದ ಮಳೆಗಾಲದಲ್ಲಿ ಅದೇ ಧೂಳು ತೇವ ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸೀತು. ಅದಕ್ಕೇ ಬಲ್ಲವರು ಸ್ವಿಚ್ ಆರಿಸಿ, ಮುಚ್ಚಳ ತೆರೆದು, ಸಣ್ಣ ಬ್ರಷ್‌ನಿಂದ ಮೂಲೆಮೂಲೆ ಗುಡಿಸುತ್ತಾರೆ. ಯಂತ್ರದ ಕೈಪಿಡಿ ತೋರಿಸಿದ ಜಾಗಕ್ಕೆ ಮಷಿನ್ ಎಣ್ಣೆಯ ಒಂದೊಂದು ತೊಟ್ಟು. ಆಮೇಲೆ ಹಳೆ ಬಟ್ಟೆಯ ತುಂಡಿನ ಮೇಲೆ ಓಡಿಸುತ್ತಾರೆ. ಎಣ್ಣೆಯ ಕಲೆ ಅದರಲ್ಲೇ ಉಳಿದು, ಮುಂದಿನ ಬಿಳಿ ರವಿಕೆ ಬಿಳಿಯಾಗಿಯೇ ಹೊರಬರುತ್ತದೆ.