ಕನ್ನಡಿ ಬಿಟ್ಟು ಕೊಂಬೆ ನೋಡಿ

  ಬೇಲೂರಿನ ದೇಗುಲದ ಮದನಿಕೆ ಶಿಲ್ಪಗಳಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿ ಎಂದರೆ ಹೊಯ್ಸಳ ರಾಣಿ ಶಾಂತಲೆಯೇ ಎನ್ನುವ ಪಂಗಡ ಮತ್ತೆ ತಲೆಯೆತ್ತಿದೆ. ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನಂಥ ರೂವಾರಿಗಳ ಹೆಸರಿದೆ, ರಾಣಿಯದಿಲ್ಲ. ಹೋಗಲಿ ಬಿಡಿ, ನನ್ನ ತಕರಾರು ಬೇರೆ. ಇವರೆಲ್ಲ ಮುಖ, ಕನ್ನಡಿ ನೋಡಿ ಫೋಟೊ ಹೊಡೆದು ಮುಂದೆ ಸಾಗುತ್ತಾರೆ. ತಲೆಯ ಮೇಲಿನ ಎಲೆಚಪ್ಪರ ಯಾರಿಗೂ ಬೇಡ.

ಅದಿಲ್ಲದೆ ಮದನಿಕೆಯೇ ಇಲ್ಲ. ಸಾಂಚಿಯ ಪೂರ್ವ ತೋರಣದ ಯಕ್ಷಿಯನ್ನು ನೋಡಿ. ಮಾವಿನ ಕೊಂಬೆಗೆ ಕೈಹಾಕಿ ಮೈಯನ್ನು ಹೊರಕ್ಕೆ ಜೋತುಬಿಟ್ಟಿದ್ದಾಳೆ. ಕಂಬಕ್ಕೂ ತೊಲೆಗೂ ನಡುವಿನ ಮೂಲೆ ತುಂಬಲು ಶಿಲ್ಪಿಗೆ ಓರೆಯಾದ ಆಕಾರ ಬೇಕಿತ್ತು. ಹೆಣ್ಣನ್ನು ಸುಮ್ಮನೆ ಓರೆ ನಿಲ್ಲಿಸಿದರೆ ಬೀಳುವಂತೆ ಕಾಣುತ್ತಾಳೆ. ಕೈಗೊಂದು ಕೊಂಬೆ ಕೊಟ್ಟರೆ ಆ ಓರೆಯೇ ಒಯ್ಯಾರ. ಬಾದಾಮಿಯ ಮೂರನೆಯ ಗುಹೆಯಲ್ಲಿ (578) ಬೋದಿಗೆಗಳ ಮೇಲೆ ಮರದಡಿಯ ಜೋಡಿಗಳಿವೆ. 1117ರ ಬೇಲೂರಿಗೆ ಬರುವಾಗ ಮರ ಜಾಲರಿಯಂಥ ಚಪ್ಪರವಾಗಿದೆ. ಅಂಥದೊಂದು ಚಪ್ಪರದ ಹಣ್ಣಿನ ಮೇಲೆ ನೊಣ ಕೂತಿದೆ, ಹಲ್ಲಿ ಹೊಂಚು ಹಾಕಿದೆ.

ಮರಕ್ಕೆ ಹೆಣ್ಣಿನಿಂದೇನು ಲಾಭ? ಕಾಳಿದಾಸನನ್ನು ಕೇಳಿ. ‘ಮಾಲವಿಕಾಗ್ನಿಮಿತ್ರ’ದ ಮೂರನೆಯ ಅಂಕ. ಹೆಣ್ಣು ಒದ್ದರೆ ಅರಳುತ್ತದೆಂದು ನಂಬಿದ್ದ ಅಶೋಕ ಮರ ಹೂ ಬಿಡುತ್ತಿಲ್ಲ. ಅದನ್ನು ಒದೆಯಬೇಕಾದ ರಾಣಿ ಧಾರಿಣಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡಿದ್ದಾಳೆ. ಪರಿಚಾರಿಕೆ ಮಾಲವಿಕೆಯೇ ಒದೆಯಬೇಕು, ಐದು ರಾತ್ರಿಯೊಳಗೆ ಹೂ ಬಂದರೆ ಅವಳ ಆಸೆ ನಡೆಸಿಕೊಡುತ್ತೇನೆ ಎಂದು ರಾಣಿಯ ಮಾತು. ಸಖಿ ಬಕುಲಾವಲಿಕೆ ಪಾದಕ್ಕೆ ಅಲತಿಗೆ ಹಚ್ಚುತ್ತಾಳೆ. ಅರಸ ಮರೆಯಲ್ಲಿ ನಿಂತು ನೋಡುತ್ತಾನೆ. ಇದೆಲ್ಲ ನಡೆಯುವುದು ವಿದಿಶೆಯಲ್ಲಿ, ಸಾಂಚಿಯ ಪಕ್ಕದೂರು. ಸಾಂಚಿಯ ದಕ್ಷಿಣ ತೋರಣದ ಕೆತ್ತನೆ ವಿದಿಶೆಯ ದಂತಕಾರರದೆಂದು ಅಲ್ಲಿಯೇ ಶಾಸನವಿದೆ.

ಅಂದರೆ ಆ ಕೈ ಪಳಗಿದ್ದು ಆನೆಯ ದಂತದಲ್ಲಿ. ಕೆತ್ತುವ ಸರಕು ಎಂಥದೋ ಶಿಲ್ಪವೂ ಅಂಥದು. ನಮ್ಮ ಕರಾವಳಿಯಲ್ಲಿ ಮದನಿಕೆಯರು ಯಾಕಿಲ್ಲ ಎಂದು ಸಂತೆಕಟ್ಟೆಯಲ್ಲಿ ನನ್ನನ್ನು ತಡೆದು ಕೇಳುವವರಿಗೂ ಇದೇ ಉತ್ತರ. ಬೇಲೂರಿನದು ಬಳಪದ ಕಲ್ಲು, ಉಳಿ ಹೇಳಿದಂತೆ ಕೇಳುತ್ತದೆ. ನಮ್ಮದು ಮುರಕಲ್ಲು, ಕಣಶಿಲೆ. ನಾಜೂಕಿನ ಕೆಲಸಕ್ಕೆ ಇಲ್ಲಿನವರು ಮರ ಹಿಡಿದರು. ಕಾರ್ಕಳ ದಾಟಿ ಮೂಡುಬಿದಿರೆಗೆ ಹೋದರೆ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಕೂಡಿ ಆನೆಯಾಗಿದ್ದಾರೆ, ಐವರು ಕೂಡಿ ಕುದುರೆಯಾಗಿದ್ದಾರೆ. ಸಾಲಭಂಜಿಕೆಯರ, ಅಂದರೆ ಕೊಂಬೆ ಹಿಡಿದು ನಿಂತ ಈ ಹೆಣ್ಣುಗಳ ಬಗ್ಗೆ ಬರೆಯುವವರು ಘಟ್ಟದ ಮೇಲಿಂದಲೇ ಹಿಂದಿರುಗುತ್ತಾರೆ. ಇಳಿದು ಬಂದು ಈ ಕಂಬಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ವಾದ: ಹೆಣ್ಣಿನ ಮತ್ತು ಮರದ ನಂಟು ಇಲ್ಲಿ ಚಪ್ಪರ ಬಿಟ್ಟು ದಿಮ್ಮಿಗೇ ಇಳಿದಿದೆ.