ಯುರೋಪಿನ ಯುದ್ಧ, ಮುಳಬಾಗಿಲಿನ ಬಂಡೆ

1756ರಿಂದ 1763ರವರೆಗೆ ನಡೆದ ಏಳು ವರ್ಷಗಳ ಯುದ್ಧವನ್ನು ಒಂದು ಮೇಜಿನಗಲದ ನಕ್ಷೆಗೆ ಇಳಿಸಿದ ಆಟ ‘ಫ್ರೀಡ್ರಿಷ್’. ಜರ್ಮನಿಯ ರಿಚರ್ಡ್ ಸಿವೆಲ್ ರಚಿಸಿದ ಇದು 2004ರಲ್ಲಿ ಹೊರಬಂತು. ಒಬ್ಬ ಆಟಗಾರ ಪ್ರಷ್ಯಾದ ದೊರೆ ಫ್ರೆಡರಿಕ್. ರಷ್ಯಾದ ಎಲಿಜಬೆತ್, ಆಸ್ಟ್ರಿಯಾದ ಮರಿಯಾ ಥೆರೇಸಾ, ಫ್ರಾನ್ಸಿನ ಪೊಂಪಡೂರ್ ಆಗಿ ಉಳಿದವರು ಅವನ ಮೇಲೆ ಏರಿಬರುತ್ತಾರೆ. ಹುಲಿ-ಕುರಿ ಆಟ ಬಲ್ಲ ನಮಗೆ ಈ ಅಸಮಬಲ ಹೊಸದಲ್ಲ: ಎರಡು ಕಡೆಯವರ ಶಕ್ತಿಯೂ ಬೇರೆ, ಗೆಲುವಿನ ದಾರಿಯೂ ಬೇರೆ. ದಾಳಿಕಾರರು ತಮತಮಗೆ ಗೊತ್ತುಮಾಡಿದ ಊರುಗಳನ್ನೆಲ್ಲ ಹಿಡಿಯಬೇಕು. ಫ್ರೆಡರಿಕ್ ಸುಮ್ಮನೆ ಉಳಿದುಕೊಂಡರೆ ಸಾಕು.

ಕಾಳಗಕ್ಕೆ ಇಲ್ಲಿ ದಾಳವಿಲ್ಲ, ಇಸ್ಪೀಟಿನ ಎಲೆಗಳಿವೆ. ನಕ್ಷೆಯನ್ನು ಚೌಕಗಳಾಗಿ ಸೀಳಿ ಒಂದೊಂದಕ್ಕೂ ಆಟೀನು, ಡೈಮನ್, ಇಸ್ಪೇಟು, ಕಳಾವರ್ ಗುರುತು ಹಾಕಿದ್ದಾರೆ. ಆಟೀನು ಚೌಕದಲ್ಲಿ ನಿಂತ ಸೈನ್ಯ ಆಟೀನು ಎಲೆಯನ್ನೇ ಇಳಿಸಬೇಕು. ಹೀಗಾಗಿ ಕೈಯಲ್ಲಿರುವ ಎಲೆಗಳೇ ನೆಲದ ಏರುತಗ್ಗುಗಳಾಗುತ್ತವೆ. ಯಾವ ಊರಿನಲ್ಲಿ ಎದುರಿಸಬೇಕು, ಯಾವ ಊರಿಂದ ಜಾರಿಕೊಳ್ಳಬೇಕು ಎಂಬ ದಂಡನಾಯಕನ ಲೆಕ್ಕಾಚಾರ ಇಷ್ಟು ಸರಳವಾದ ನಿಯಮದಿಂದ ಹುಟ್ಟುವುದು ಸಿವೆಲ್ ಅವರ ದೊಡ್ಡ ಸಾಧನೆ.

ಎರಡನೆಯ ಸಾಧನೆ ಗುಟ್ಟು. 1972ರ ‘ಕ್ವಿಬೆಕ್ 1759’ ಆಟದಿಂದ ಮೊದಲಾದ ಮರದ ತುಂಡಿನ ಆಟಗಳಲ್ಲಿ ಬಲವನ್ನು ಬರೆದ ಮೈ ಒಡೆಯನ ಕಡೆಗಷ್ಟೇ ಇರುತ್ತದೆ. ‘ಫ್ರೀಡ್ರಿಷ್’ನಲ್ಲಿ ಸೇನಾಪತಿಯ ಕಾಯಿ ಎಲ್ಲರಿಗೂ ಕಾಣುತ್ತದೆ, ಅವನ ಹಿಂದಿರುವ ದಳಗಳೆಷ್ಟು ಎಂಬುದು ಆಟಗಾರನ ಚೀಟಿಯಲ್ಲಿ ಅಡಗಿರುತ್ತದೆ. ಮೂರನೆಯದು ಹಿಂಜರಿಕೆಯ ಲೆಕ್ಕ: ಸೋತವನು ದಳ ಮತ್ತು ಎಲೆಗಳ ಮೊತ್ತದಲ್ಲಿ ಎಷ್ಟು ಅಂಕ ಹಿಂದಿದ್ದಾನೋ ಅಷ್ಟು ದಳ ಕಳೆದುಕೊಂಡು ಅಷ್ಟೇ ಊರು ಹಿಂದೆ ಸರಿಯಬೇಕು. ಒಂದು ಅಂಕಕ್ಕೆ ಸೋಲೊಪ್ಪಿ ಎಲೆಗಳನ್ನು ಉಳಿಸಿಕೊಳ್ಳುವುದು ಎಷ್ಟೋ ಸಲ ಗೆಲುವಿಗಿಂತ ಲಾಭ. ಯಾವಾಗ ಸೋಲಬೇಕೆಂದು ಕಲಿಸುವ ಯುದ್ಧದ ಆಟ ಅಪರೂಪ.

ಇನ್ನು ವಿಧಿಯ ಎಲೆಗಳು, ಒಟ್ಟು 18. ಕೆಲವು ಸುತ್ತು ಕಳೆದ ಮೇಲೆ ಒಂದೊಂದಾಗಿ ಮಗುಚುತ್ತವೆ. ಎಲಿಜಬೆತ್ ತೀರಿಕೊಂಡ ಎಲೆ ಬಂದರೆ ರಷ್ಯಾ ಆಟದಿಂದ ಹೊರಗೆ. ಇತಿಹಾಸದಲ್ಲೂ 1762ರ ಜನವರಿಯಲ್ಲಿ ಆಕೆಯ ಸಾವೇ ಪ್ರಷ್ಯಾವನ್ನು ಉಳಿಸಿತು. ‘ಭಾರತ’, ‘ಅಮೆರಿಕ’ ಎಂಬ ಎರಡೂ ಎಲೆ ಬಂದವೆಂದರೆ ಫ್ರಾನ್ಸ್ ಕೈಚೆಲ್ಲುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ಬರ್ಲಿನ್ನಿನಿಂದ ನೋಡಿದರೆ ಈ ಎಲೆಗಳು ಸರಿ: ಕಡಲಾಚೆಯ ಸೋಲುಗಳು ಫ್ರಾನ್ಸಿನ ಬೊಕ್ಕಸ ಬರಿದುಮಾಡಿದವು. ಕೋಲಾರದಿಂದ ನೋಡಿದರೆ ಫ್ರಾನ್ಸಿನ ಆಟ ಮುಗಿಸುವ ‘ಭಾರತ’ದ ಎಲೆಯೇ ಇನ್ನೊಂದು ಯುದ್ಧದ ಮೊದಲ ಎಲೆ. 1760ರ ಜನವರಿಯಲ್ಲಿ ವಂದವಾಸಿಯಲ್ಲಿ ಫ್ರೆಂಚರು ಇಂಗ್ಲಿಷರಿಗೆ ಸೋತರು. ಅವರ ನೆರವಿಗೆ ಪಾಂಡಿಚೇರಿಯ ಕಡೆ ದಂಡು ಕಳಿಸಿದವನು ಬೂದಿಕೋಟೆಯಲ್ಲಿ ಹುಟ್ಟಿದ, ಕೋಲಾರದಲ್ಲಿ ತಂದೆಯ ಗೋರಿಯಿರುವ ಹೈದರಾಲಿ. ಶ್ರೀರಂಗಪಟ್ಟಣದಲ್ಲಿ ಅವನದೇ ಆಪ್ತನಾಗಿದ್ದ ಖಂಡೇರಾಯ ತಿರುಗಿಬಿದ್ದಾಗ ಆ ದಂಡನ್ನು ವಾಪಸು ಕರೆಸಬೇಕಾಯಿತು. 1761ರಲ್ಲಿ ಪಾಂಡಿಚೇರಿ ಬಿತ್ತು, ಅದೇ ವರ್ಷ ಮೈಸೂರು ಹೈದರನ ಕೈಸೇರಿತು. ನೆಲೆ ತಪ್ಪಿದ ಫ್ರೆಂಚ್ ಸಿಪಾಯಿಗಳು ಅವನ ಚಾಕರಿಗೆ ಬಂದರು.

ಇಂಗ್ಲಿಷರಿಗೂ ಹೈದರನಿಗೂ ಮುಂದಿನ ಯುದ್ಧ ನಮ್ಮ ಬಂಡೆಗಳ ನಡುವೆ ನಡೆಯಿತು. 1768ರಲ್ಲಿ ಇಂಗ್ಲಿಷರು ಕೋಲಾರ, ಮುಳಬಾಗಿಲುಗಳನ್ನು ಹಿಡಿದರು. ಹೈದರ್ ಮುಳಬಾಗಿಲನ್ನು ಕಿತ್ತುಕೊಂಡ. ಅದನ್ನು ಮರಳಿ ಪಡೆಯಲು ಬಂದ ಕರ್ನಲ್ ವುಡ್ ಅಕ್ಟೋಬರ್ 4ರಂದು ಹೈದರನ ದಂಡಿಗೆ ಸಿಕ್ಕಿ ನಲುಗಿದ. ಸಾಮಾನು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್, ಗಾಯಾಳುಗಳನ್ನೂ ಎರಡು ಫಿರಂಗಿಗಳನ್ನೂ ಬಂಡೆಯ ಮೇಲೇರಿಸಿ ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯವೇ ಬಂತೆಂದು ಮೈಸೂರಿನವರು ಹಿಂಜರಿದರು, ವುಡ್‌ಗೆ ಉಸಿರಾಡಲು ಬಿಡುವು ಸಿಕ್ಕಿತು. ಚೀಟಿಯ ಗುಟ್ಟನ್ನು ನಂಬಿ ಕಟ್ಟಿದ ಆಟಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಆದರೆ ಈ ಸೀಮೆಯನ್ನು ಆಡಲು ಸಿವೆಲ್ ಅವರ ನಿಯಮಗಳಲ್ಲಿ ಒಂದು ಕೊರತೆಯಿದೆ. ಪರದೇಶದಲ್ಲಿರುವ ಸೈನ್ಯದ ಹಿಂದೆ ಸರಬರಾಜಿನ ಬಂಡಿ ಇರಲೇಬೇಕೆಂದು ಅವರು ಕಟ್ಟುನಿಟ್ಟು ಮಾಡಿದ್ದಾರೆ. ಊರುಗಳು ಮಾತ್ರ ಸವೆಯುವುದಿಲ್ಲ. ಹತ್ತು ಸಲ ದಂಡು ಹಾದುಹೋದರೂ ಮೊದಲಿದ್ದಂತೆಯೇ ಇರುತ್ತವೆ. ಮಾಲೂರು, ಶ್ರೀನಿವಾಸಪುರಗಳಂಥ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕೆರೆಯೇ ಜೀವ. ಒಂದು ದಂಡು ಕೆರೆಯ ನೀರು, ಹಗೇವಿನ ರಾಗಿ, ಬಣವೆಯ ಮೇವು, ಉಳುವ ಎತ್ತು ಎಲ್ಲ ಮುಗಿಸಿದರೆ ಎರಡನೆಯ ದಂಡಿಗೆ ಅಲ್ಲಿ ಏನೂ ಇಲ್ಲ, ರೈತನಿಗೂ ಇಲ್ಲ. ಹೈದರನ ಸವಾರರು ಶತ್ರುವಿನ ಧಾನ್ಯದ ದಾರಿ ಕಡಿಯುವುದನ್ನೇ ದೊಡ್ಡ ಅಸ್ತ್ರ ಮಾಡಿಕೊಂಡಿದ್ದು ಈ ಸತ್ಯ ಬಲ್ಲದ್ದರಿಂದ.

‘ಫ್ರೀಡ್ರಿಷ್’ ಶ್ರೇಷ್ಠ ಆಟ. ಇತಿಹಾಸ ಓದುವ ಪ್ರತಿಯೊಬ್ಬರೂ ಆಡಬೇಕಾದದ್ದು. ಅದರ ಎಲೆ, ಗುಟ್ಟು, ಹಿಂಜರಿಕೆಯ ಲೆಕ್ಕ ಮೂರನ್ನೂ ಇಟ್ಟುಕೊಂಡು, ದಂಡು ತುಳಿದ ಊರು ಮುಂದಿನ ಮಳೆಗಾಲದವರೆಗೆ ಯಾರಿಗೂ ಅನ್ನ ಕೊಡದು ಎಂಬ ಒಂದೇ ನಿಯಮ ಸೇರಿಸಿದರೆ, 1767ರಿಂದ 1769ರವರೆಗಿನ ನಮ್ಮ ಯುದ್ಧವನ್ನು ಪ್ರಾಮಾಣಿಕವಾಗಿ ಆಡಬಹುದು. ಆ ಆಟವನ್ನು ಕನ್ನಡದವರೇ ರಚಿಸಬೇಕು. ಯಾವ ಊರು ಏನನ್ನು ಕಳೆದುಕೊಂಡಿತೆಂದು ನಕ್ಷೆಯ ಮೇಲೆ ಗುರುತಿಸುವ ಹೊಣೆ ಆ ಊರುಗಳಲ್ಲಿ ಬದುಕುವವರದ್ದು.